ಹೆಗಲ ಮೇಲಿನ ಸೀಮೆಸುಣ್ಣ

ಆಟ ಮುಗಿದ ಮೇಲೆ ರಾವಣ ಮಾಡಿದ ಪಾಪ ಎಲ್ಲಿಗೆ ಹೋಗುತ್ತದೆ? ಚೌಕಿಯಲ್ಲಿ ಬಣ್ಣ ತೆಗೆದು, ಮನೆಗೆ ಹೋಗಿ ಉಂಡು ಮಲಗುವವನಿಗೆ ಅದರಲ್ಲಿ ಚೂರುಪಾರಾದರೂ ಪಾಲಿದೆಯೇ? ಮಕ್ಕಳು ಕೇಳುವ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದನ್ನು ಎರಡು ಸಾವಿರ ವರ್ಷಗಳಿಂದ ಬಿಡದೆ ಕೇಳುತ್ತ ಬಂದವರು ದೊಡ್ಡವರು, ಅದರಲ್ಲೂ ಬಹಳ ಮಂದಿ ‘ಪಾಲಿದೆ’ ಎಂದೇ ತೀರ್ಪು ಕೊಟ್ಟರು. ಎಳವೆಯಿಂದ ಅನುಕರಿಸಿದ್ದು ರೂಢಿಯಾಗಿ, ರೂಢಿ ಸ್ವಭಾವವಾಗಿ ಮೈಗಂಟಿಕೊಳ್ಳುತ್ತದೆ ಎಂದು ಪ್ಲೇಟೊ ‘ರಿಪಬ್ಲಿಕ್’ನ ಮೂರನೆಯ ಭಾಗದಲ್ಲಿ ಎಚ್ಚರಿಸಿದ, ತನ್ನ ಆದರ್ಶ ನಗರವನ್ನು ಕಾಯುವವರು ಕೀಳು ಜನರನ್ನು ಅಭಿನಯಿಸಕೂಡದು ಎಂದ. ಕ್ರೈಸ್ತ ಚಿಂತಕ ಟೆರ್ಟುಲಿಯನ್‌ನ ವಾದ ಇನ್ನೂ ಖಡಕ್ಕು: ಸತ್ಯದ ಕರ್ತನಾದ ದೇವರು ಯಾವ ಸುಳ್ಳನ್ನೂ ಮೆಚ್ಚಲಾರ, ಹುಸಿ ದನಿ ತೆಗೆದು ಹುಸಿ ಅಳು ಅಳುವುದೂ ಸುಳ್ಳೇ. 1673ರಲ್ಲಿ ಮೊಲಿಯೇರ್ ತೀರಿಕೊಂಡಾಗ ನಟನೆಂಬ ಕಾರಣಕ್ಕೆ ಪ್ಯಾರಿಸ್ಸಿನ ಪಾದ್ರಿಗಳು ಮಣ್ಣು ಕೊಡಲು ಒಪ್ಪಲಿಲ್ಲ. ದೊರೆ ನಡುವೆ ಬಂದ ಮೇಲೆ ರಾತ್ರಿ ಹೊತ್ತು, ಆಡಂಬರವಿಲ್ಲದೆ ಹೂಳಲು ಬಿಟ್ಟರು. ನಮ್ಮವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಮನುಸ್ಮೃತಿ ನಟರ ಸಾಕ್ಷಿಯನ್ನು ಒಪ್ಪುವುದಿಲ್ಲ, ಶ್ರಾದ್ಧದ ಊಟಕ್ಕೂ ಅವರನ್ನು ಕರೆಯಬಾರದೆನ್ನುತ್ತದೆ. ನಾಟ್ಯಶಾಸ್ತ್ರದ ಕೊನೆಯಲ್ಲಂತೂ ಸ್ವತಃ ಭರತನ ಮಕ್ಕಳೇ ಋಷಿಗಳನ್ನು ಅಣಕಿಸುವ ಆಟವಾಡಿ ಅವರ ಶಾಪಕ್ಕೆ ಗುರಿಯಾಗುತ್ತಾರೆ.

ಈ ತೀರ್ಪಿಗೆ ಎದುರಾಡುವ ಒಂದು ಮಾತು ನಮ್ಮ ನಾಲಿಗೆಯ ಮೇಲೆ ದಿನವೂ ಓಡಾಡುತ್ತಿದೆ, ಗಮನಿಸುವುದಿಲ್ಲ ಅಷ್ಟೆ. ನಟ ವಹಿಸಿಕೊಳ್ಳುವುದನ್ನು ನಾವು ‘ಪಾತ್ರ’ ಎನ್ನುತ್ತೇವೆ. ಅಡುಗೆಮನೆಯ ಪಾತ್ರೆಯೂ ಅದೇ ಮಾತಿನ ಇನ್ನೊಂದು ರೂಪ. ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ, ರಸ ಎಲ್ಲಿರುತ್ತದೆ ಎಂಬ ಚರ್ಚೆಯಲ್ಲಿ ಇದೇ ಶ್ಲೇಷೆಯನ್ನು ಹಿಡಿದುಕೊಂಡ. ನಟನಿಗೆ ಪಾತ್ರವೆಂಬ ಹೆಸರು ಬಂದದ್ದೇ ಅವನು ಬಟ್ಟಲಿನಂತಿರುವುದರಿಂದ. ಬಟ್ಟಲಿನಲ್ಲಿ ಮದ್ಯವಿದ್ದ ಮಾತ್ರಕ್ಕೆ ಬಟ್ಟಲು ಅದರ ರುಚಿ ನೋಡುವುದಿಲ್ಲ, ಕುಡಿಯುವವನು ಸಹೃದಯ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಚಿಂತಕ ಡಿಡೆರೋ ಬೇರೆ ದಾರಿಯಿಂದ ಹೆಚ್ಚುಕಡಿಮೆ ಅಲ್ಲಿಗೇ ಬಂದ: ದೊಡ್ಡ ನಟ ಒಳಗೆ ತಣ್ಣಗಿರುತ್ತಾನೆ, ಕಣ್ಣೀರು ನೋಡುವವರದು. ಅಭಿನವಗುಪ್ತ ಮಾತಾಡಿದ್ದು ರಸದ ಬಗ್ಗೆ, ಪಾಪದ ಬಗ್ಗೆಯಲ್ಲ. ಆದರೂ ರುಚಿಯೇ ಹತ್ತದ ಬಟ್ಟಲಿಗೆ ಅಮಲು ಏರುವುದು ಹೇಗೆ? ಪಾತ್ರದ ಪಾಪ ನಟನಿಗೆ ಅಂಟುವುದಿಲ್ಲ ಎಂದೇ ಈ ಉಪಮೆಯನ್ನು ಬೆಳೆಸಬೇಕಾಗುತ್ತದೆ. ಅಷ್ಟಕ್ಕೇ ನಿಲ್ಲಿಸಿದರೆ ಮಾತ್ರ ಸಾಲದು. ಬಟ್ಟಲಿಗೆ ಅಮಲೇರದಿದ್ದರೂ, ಕುಡಿದವರು ಅಮಲಿನಲ್ಲಿ ಬಟ್ಟಲನ್ನೇ ಕುಡುಕನೆಂದು ಕರೆದು ಬಡಿಯಬಹುದಲ್ಲ! ನಟನ ಮೈಮೇಲೆ ಕಲೆ ಕಾಣುವುದು ನಿಜ. ಅದನ್ನು ಹಚ್ಚಿದ ಕೈ ಯಾರದು ಎಂಬುದೇ ಪ್ರಶ್ನೆ. ಇದನ್ನು ಒರೆಗೆ ಹಚ್ಚಲು ಚಿತ್ರನಟ ಪೀಟರ್ ಲೋರೆಯ ಬಾಳಿಗಿಂತ ಒಳ್ಳೆಯ ಕಲ್ಲು ಸಿಗಲಾರದು.

ಲೋರೆಯ ಹುಟ್ಟುಹೆಸರು ಲಾಸ್ಲೊ ಲೋವೆನ್‌ಸ್ಟೈನ್. 1904ರಲ್ಲಿ, ಆಗ ಆಸ್ಟ್ರಿಯಾ-ಹಂಗೆರಿಗೆ ಸೇರಿದ್ದ, ಈಗ ಸ್ಲೊವಾಕಿಯಾದಲ್ಲಿರುವ ಊರೊಂದರಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದವನು. ವಿಯೆನ್ನಾದಲ್ಲಿ ಸ್ವಲ್ಪ ಕಾಲ ಬ್ಯಾಂಕಿನ ಗುಮಾಸ್ತ. ಅಲ್ಲಿಂದ ರಂಗಕ್ಕೆ ಎಳೆದದ್ದು ಯಾಕೋಬ್ ಮೊರೆನೊ ನಡೆಸುತ್ತಿದ್ದ ಆಶುನಾಟಕದ ತಂಡ. ಮುಂದೆ ಮನೋನಾಟಕ ಎಂಬ ಚಿಕಿತ್ಸೆಯನ್ನು ಕಟ್ಟಿದ ವೈದ್ಯ ಇದೇ ಮೊರೆನೊ, ‘ಲೋರೆ’ ಎಂಬ ಹೆಸರಿಟ್ಟವನೂ ಅವನೇ. ಬರ್ಲಿನ್ನಿಗೆ ಬಂದ ಮೇಲೆ ನಾಟಕಕಾರ ಬ್ರೆಕ್ಟ್‌ನ ಸ್ನೇಹ ಬೆಳೆಯಿತು. 1931ರಲ್ಲಿ ಬ್ರೆಕ್ಟ್‌ನ ‘ಮಾನ್ ಇಸ್ಟ್ ಮಾನ್’ ನಾಟಕದಲ್ಲಿ ಲೋರೆ ಗ್ಯಾಲಿ ಗೇ ಎಂಬ ಕೂಲಿಯವನಾದ. ನಾಟಕ ನಡೆಯುವುದು ಬ್ರಿಟಿಷರ ಕಾಲದ ಭಾರತದಲ್ಲಿ, ಅದೂ ಬ್ರೆಕ್ಟ್ ಕಣ್ಣಾರೆ ಕಾಣದೆ ಕಟ್ಟಿಕೊಂಡ ಭಾರತ. ಮನೆಗೆ ಮೀನು ತರಲು ಹೊರಟ ಪಾಪದ ಕೂಲಿಯೊಬ್ಬನನ್ನು ಸಿಪಾಯಿಗಳು ಹಿಡಿದು, ಬೇರೊಬ್ಬನ ಹೆಸರು ಹಚ್ಚಿ, ಕೊನೆಗೆ ಯುದ್ಧಯಂತ್ರವನ್ನಾಗಿ ಮಾಡಿಬಿಡುವ ಕಥೆ ಅದು. ಲೋರೆಯ ಅಭಿನಯ ವಿಮರ್ಶಕರಿಗೆ ಹಿಡಿಸಲಿಲ್ಲ. ಬ್ರೆಕ್ಟ್ ಪತ್ರಿಕೆಯಲ್ಲಿ ಬರೆದು ಸಮರ್ಥಿಸಿಕೊಂಡ. ನಟ ಪಾತ್ರದೊಳಗೆ ಕರಗದೆ ಪಕ್ಕದಲ್ಲಿ ನಿಂತು ಅದನ್ನು ತೋರಿಸಬೇಕು ಎಂಬುದು ಬ್ರೆಕ್ಟ್‌ನ ಪಾಠ. ಪಾತ್ರವನ್ನು ಔಷಧವೆಂದ ಗುರು ಒಬ್ಬ, ದೂರ ನಿಂತು ತೋರಿಸು ಎಂದ ಗುರು ಇನ್ನೊಬ್ಬ. ಪಾತ್ರಕ್ಕೂ ತನಗೂ ಇರುವ ಅಂತರದ ಬಗ್ಗೆ ಇಷ್ಟು ಪಳಗಿದ ನಟ ಆ ಕಾಲದಲ್ಲಿ ಇನ್ನೊಬ್ಬನಿದ್ದನೋ ಇಲ್ಲವೋ.

ಅದೇ ವರ್ಷದ ಮೇ ತಿಂಗಳಲ್ಲಿ ಫ್ರಿಟ್ಸ್ ಲಾಂಗ್ ನಿರ್ದೇಶಿಸಿದ ‘ಎಂ’ ತೆರೆಕಂಡಿತು. ಲೋರೆ ಅದರಲ್ಲಿ ಹಾನ್ಸ್ ಬೆಕರ್ಟ್, ಪುಟ್ಟ ಮಕ್ಕಳನ್ನು ಕೊಲ್ಲುವವನು. ಚಿತ್ರದ ಆರಂಭದಲ್ಲಿ ಅವನನ್ನು ನಾವು ಸರಿಯಾಗಿ ನೋಡುವುದಿಲ್ಲ. ನೆರಳು, ಬೆನ್ನು, ಒಂದು ಶಿಳ್ಳೆ, ಇಷ್ಟೇ. ಪೊಲೀಸರ ತಪಾಸಣೆಯಿಂದ ಕಳ್ಳರ ದಂಧೆಗೆ ಪೆಟ್ಟು ಬಿದ್ದು, ಅವರೇ ಭಿಕ್ಷುಕರನ್ನು ಬೀದಿಬೀದಿಗೆ ಬಿಟ್ಟು ಅವನನ್ನು ಹುಡುಕಿಸುತ್ತಾರೆ. ಅವರ ಕಡೆಯ ಹುಡುಗನೊಬ್ಬ ಅಂಗೈಯಲ್ಲಿ ಸೀಮೆಸುಣ್ಣದಿಂದ, ಕೊಲೆಗಾರ ಎಂಬುದಕ್ಕೆ ಜರ್ಮನ್ನಿನ ಮೊದಲ ಅಕ್ಷರವಾದ ‘ಎಂ’ ಬರೆದುಕೊಂಡು, ಎಡವಿದವನಂತೆ ನಟಿಸಿ ಬೆಕರ್ಟ್‌ನ ಹೆಗಲಿಗೆ ಒತ್ತುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಬೆಕರ್ಟ್ ಕನ್ನಡಿಯಲ್ಲಿ ತನ್ನ ಬೆನ್ನು ನೋಡಿಕೊಂಡು ಕಣ್ಣರಳಿಸುತ್ತಾನೆ. ಆಮೇಲೆ ಪಾಳುಬಿದ್ದ ಸಾರಾಯಿ ಕಾರ್ಖಾನೆಯೊಂದರ ನೆಲಮಾಳಿಗೆಯಲ್ಲಿ ಕಳ್ಳರ ನ್ಯಾಯಾಲಯ. ಅಲ್ಲಿ ಅವನು ಮೊಣಕಾಲೂರಿ, ತನ್ನೊಳಗೆ ತನ್ನನ್ನೇ ಅಟ್ಟಿಸಿಕೊಂಡು ಬರುವ ಏನೋ ಇದೆ, ಅದರಿಂದ ತಪ್ಪಿಸಿಕೊಳ್ಳಲಾರೆ ಎಂದು ಕಿರುಚುತ್ತಾನೆ. ಆ ಕೆಲವು ನಿಮಿಷ ನೋಡಿದವರಿಗೆ ಒಂದು ಕಷ್ಟ ಕಾದಿರುತ್ತದೆ. ಅವನ ಮೇಲೆ ಅಸಹ್ಯ ಇದ್ದಂತೆಯೇ ಇದೆ, ಅದರ ಜೊತೆಗೆ ಅವನು ಮನುಷ್ಯ ಎಂಬ ಅರಿವೂ ಬಂದು ಕೂತಿದೆ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಎದ್ದು ಬರಬೇಕು.

ಈ ಹೊರೆ ಹೊರಲಾರದವರು ಏನು ಮಾಡುತ್ತಾರೆ ಎಂಬುದಕ್ಕೆ ಚರಿತ್ರೆ ಒಂದು ಸಾಕ್ಷಿ ಇಟ್ಟಿದೆ. 1933ರಲ್ಲಿ ಹಿಟ್ಲರ್ ಗದ್ದುಗೆ ಏರಿದ ಮೇಲೆ ಲೋರೆ ಜರ್ಮನಿ ಬಿಟ್ಟ. 1940ರಲ್ಲಿ ನಾಜಿಗಳು ‘ಡೆರ್ ಎವಿಗೆ ಯೂಡೆ’ ಎಂಬ, ಯಹೂದಿಗಳ ಮೇಲೆ ವಿಷ ಕಾರುವ ಪ್ರಚಾರಚಿತ್ರ ತೆಗೆದರು. ಅದರಲ್ಲಿ ‘ಎಂ’ ಚಿತ್ರದ ಆ ತಪ್ಪೊಪ್ಪಿಗೆಯ ತುಣುಕನ್ನು ಕತ್ತರಿಸಿ ಅಂಟಿಸಿ, ಯಹೂದಿ ನಟ ಕೊಲೆಗಾರನ ಮೇಲೆ ಕನಿಕರ ಹುಟ್ಟಿಸಿ ಸಮಾಜವನ್ನು ಕೆಡಿಸುವುದಕ್ಕೆ ಇದೇ ಪುರಾವೆ ಎಂದರು. ಒಬ್ಬ ನಟ ಕಲೆಯಿಂದ ಕಟ್ಟಿದ್ದನ್ನು ಒಂದು ಜನಾಂಗದ ಮೇಲಿನ ಆರೋಪಪಟ್ಟಿಯನ್ನಾಗಿ ಮಾಡಿದರು. ಪ್ಲೇಟೊ, ಟೆರ್ಟುಲಿಯನ್ನರನ್ನು ಈ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ, ಒಪ್ಪುತ್ತೇನೆ. ಆದರೆ ಪಾತ್ರದ ಗುಣ ನಟನ ಗುಣವೇ ಎಂಬ ಒಂದು ಮೆಟ್ಟಿಲನ್ನು ಒಪ್ಪಿಕೊಂಡರೆ, ನಟನ ಗುಣ ಅವನ ಕುಲದ ಗುಣ ಎಂಬ ಮುಂದಿನ ಮೆಟ್ಟಿಲು ಅಷ್ಟೇನೂ ಎತ್ತರದಲ್ಲಿಲ್ಲ. ಹೆಗಲ ಮೇಲಿನ ಸೀಮೆಸುಣ್ಣವನ್ನು ಚರ್ಮದ ಬಣ್ಣವೆಂದು ಓದಿದ ಉದಾಹರಣೆ ಇದು.

ಹಾಲಿವುಡ್ ದ್ವೇಷವಿಲ್ಲದೆಯೇ ಹೆಚ್ಚುಕಡಿಮೆ ಇದೇ ಕೆಲಸ ಮಾಡಿತು. ಇಂಗ್ಲಿಷ್ ಸರಿಯಾಗಿ ಬಾರದ ಲೋರೆ 1934ರಲ್ಲಿ ಹಿಚ್‌ಕಾಕ್‌ನ ‘ದಿ ಮ್ಯಾನ್ ಹೂ ನ್ಯೂ ಟೂ ಮಚ್’ ಚಿತ್ರದ ಮಾತುಗಳನ್ನು ಬರೀ ಉಚ್ಚಾರಣೆ ಬಾಯಿಪಾಠ ಮಾಡಿ ಒಪ್ಪಿಸಿದ. ಅಮೆರಿಕಕ್ಕೆ ಹೋದ ಮೇಲೆ ‘ಮ್ಯಾಡ್ ಲವ್’ನ ಹುಚ್ಚು ವೈದ್ಯ, ದಾಸ್ತಯೆವ್‌ಸ್ಕಿಯ ರಸ್ಕೋಲ್ನಿಕೋವ್, 1941ರ ‘ದಿ ಮಾಲ್ಟೀಸ್ ಫಾಲ್ಕನ್’ನಲ್ಲಿ ಜೋಯಲ್ ಕೈರೊ, ಮರುವರ್ಷ ‘ಕಾಸಾಬ್ಲಾಂಕಾ’ದಲ್ಲಿ ಪರವಾನಗಿ ಪತ್ರಗಳನ್ನು ಕದ್ದು ಮಾರುವ ಉಗಾರ್ಟೆ. ದಪ್ಪ ಕಣ್ಣು, ಮೂಗಿನಲ್ಲಿ ಎಳೆಯುವ ಮೆಲುದನಿ. ಹಲವು ಸಲ ಪೋಷಕ ಪಾತ್ರ, ಕೆಲವೇ ನಿಮಿಷ, ಅಷ್ಟರಲ್ಲೇ ಚಿತ್ರವನ್ನು ಕದ್ದುಕೊಂಡು ಹೋಗುತ್ತಿದ್ದ. ಆ ಮುಖ, ಆ ದನಿ ಎಷ್ಟು ಸಾರ್ವಜನಿಕ ಸ್ವತ್ತಾಯಿತೆಂದರೆ ವಾರ್ನರ್ ಬ್ರದರ್ಸ್‌ನ ಕಾರ್ಟೂನುಗಳಲ್ಲಿ ಮೊಲವನ್ನು ಅಟ್ಟಿಸಿಕೊಂಡು ಹೋಗುವ ಕೇಡಿಯೂ ಲೋರೆಯ ಹಾಗೇ ಮಾತಾಡತೊಡಗಿದ. ಲೋರೆ ತನ್ನ ಕೆಲಸವನ್ನು ಬರೀ ಮುಖ ಮಾಡುವ ಕಸುಬು ಎಂದು ಲಘುವಾಗಿ ಹೇಳಿಕೊಳ್ಳುತ್ತಿದ್ದ. ಆ ಲಘುತನದಲ್ಲಿ ಬೇಸರವೂ ಇತ್ತೆಂದು ಊಹಿಸಬಹುದು. ‘ಕಾಸಾಬ್ಲಾಂಕಾ’ದಲ್ಲೇ ಇನ್ನೊಂದು ಪುರಾವೆಯಿದೆ. ಅದರಲ್ಲಿ ನಾಜಿ ಅಧಿಕಾರಿ ಸ್ಟ್ರಾಸರ್ ಆಗಿ ಮೈ ನಡುಗಿಸುವವನು ಕೊನ್ರಾಡ್ ಫೈಟ್: ಯಹೂದಿ ಹೆಂಡತಿಯನ್ನು ಕರೆದುಕೊಂಡು ನಾಜಿಗಳಿಂದ ದೂರ ಓಡಿಬಂದಿದ್ದವನು. ನಾಜಿಗಳು ಅಟ್ಟಿದವರೇ ನಾಜಿ ಸಮವಸ್ತ್ರ ತೊಟ್ಟು ನಿಂತದ್ದು ಆ ಕಾಲದ ಹಾಲಿವುಡ್‌ನ ಮಾಮೂಲು ದೃಶ್ಯ; ಲೋರೆಯೂ ಒಮ್ಮೆ ನಾಜಿ ಗೂಢಚಾರನಾದ. ಆ ಸಮವಸ್ತ್ರದ ಪಾಪ ಅವರಿಗೆ ಅಂಟಿತು ಎಂದು ಹೇಳಲು ಯಾವ ಧರ್ಮಶಾಸ್ತ್ರಿಗೂ ಬಾಯಿ ಬರಲಾರದು.

ಆದರೂ ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. ಮೊದಲನೆಯದು: ಕೊಲೆಗಾರನ ಅಳಲನ್ನು ಅಷ್ಟು ನಿಜವಾಗಿ ತೋರಿಸಬೇಕಾದರೆ ನಟ ತನ್ನೊಳಗಿನ ಕತ್ತಲೆಗೆ ಕೈ ಹಾಕಲೇಬೇಕು, ಕೈ ಹಾಕಿದವನಿಗೆ ಕೆಸರು ಮೆತ್ತುವುದಿಲ್ಲವೇ? ಲೋರೆ ಬಹುಕಾಲ ಮಾರ್ಫಿನ್‌ಗೆ ದಾಸನಾಗಿದ್ದ. ನೋಡಿ, ಪಾತ್ರಗಳು ಅವನನ್ನು ತಿಂದವು ಎನ್ನುವವರಿದ್ದಾರೆ. ಕಾಲಕ್ರಮ ಇದಕ್ಕೆ ಒಪ್ಪುವುದಿಲ್ಲ. ಮಾರ್ಫಿನ್ ಬಂದದ್ದು ಶಸ್ತ್ರಚಿಕಿತ್ಸೆಯ ನೋವಿನಿಂದ, ‘ಎಂ’ ಚಿತ್ರಕ್ಕೂ ಮೊದಲು, ಅವನಿನ್ನೂ ಯಾರಿಗೂ ಗೊತ್ತಿಲ್ಲದ ರಂಗನಟನಾಗಿದ್ದಾಗ. ಇನ್ನು ಒಳಗಿನ ಕತ್ತಲೆಯ ಮಾತು. ಅದು ನಟನಲ್ಲಿ ಮಾತ್ರ ಇದೆಯೇ? ಆ ನೆಲಮಾಳಿಗೆಯ ಚೀರಾಟ ನಮಗೆ ಅರ್ಥವಾಗುವುದೇ ನಮ್ಮಲ್ಲೂ ಅದರ ಬೀಜ ಇರುವುದರಿಂದ. ಅಭಿನವಗುಪ್ತನ ಪ್ರಕಾರವೂ ಸಹೃದಯನ ಎದೆಯಲ್ಲಿ ವಾಸನಾರೂಪದಲ್ಲಿ ಮೊದಲೇ ಇರುವ ಭಾವವೇ ರಸವಾಗಿ ಅರಳುವುದು. ಕತ್ತಲೆಗೆ ಕೈ ಹಾಕಿದ್ದೇ ಪಾಪವಾದರೆ ಟಿಕೆಟು ಕೊಂಡು ಕೂತವನೂ ಪಾಲುದಾರ, ಟಿಕೆಟಿನ ದುಡ್ಡೂ ಅವನದೇ.

ಎರಡನೆಯ ಆಕ್ಷೇಪ ನಮ್ಮ ಕಡೆಯದು. ತಾವರೆಯ ಎಲೆಗೆ ನೀರು ಅಂಟದಂತೆ ಕರ್ಮ ಅಂಟದು ಎಂದು ಗೀತೆ ಹೇಳುವುದು ಆಸಕ್ತಿ ತೊರೆದ ಯೋಗಿಯ ಬಗ್ಗೆ. ಸಂಬಳ ಎಣಿಸಿಕೊಂಡು ಚಪ್ಪಾಳೆಗೆ ಕಾಯುವ ನಟನಿಗೆ ಆ ರಿಯಾಯಿತಿ ಎಲ್ಲಿಂದ ಬಂತು? ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟೇ: ಬೆಕರ್ಟ್ ಮಾಡಿದ ಕೊಲೆಯ ವಿಷಯದಲ್ಲಿ ಲೋರೆಗೆ ಯಾವ ರಿಯಾಯಿತಿಯೂ ಬೇಕಿಲ್ಲ, ಏಕೆಂದರೆ ಕೊಲೆಯೇ ನಡೆದಿಲ್ಲ. ಅಂಟುವುದಕ್ಕೂ ಅಂಟದಿರುವುದಕ್ಕೂ ಮೊದಲು ಕರ್ಮ ಅಂತ ಒಂದು ಇರಬೇಕು. ಅಲ್ಲಿ ನಡೆದ ಕರ್ಮ ‘ತೋರಿಸುವುದು’. ಅದಕ್ಕೆ ಕರ್ತ ಲೋರೆಯೇ, ಅದರ ಲೆಕ್ಕವನ್ನು ಅವನಿಂದ ಕೇಳಲೇಬೇಕು. ಕೇಡನ್ನು ಹೇಗೆ ತೋರಿಸಿದ, ಯಾರ ಕಡೆ ನಿಂತು ತೋರಿಸಿದ, ಯಾಕೆ ಒಪ್ಪಿಕೊಂಡ? ಹೀಗೆ ಲೆಕ್ಕ ಹಾಕಿದರೆ ಬರುವ ಫಲ ವಿಚಿತ್ರವಾಗಿದೆ. 1937ರಿಂದ 1939ರವರೆಗೆ ಲೋರೆ ಎಂಟು ಚಿತ್ರಗಳಲ್ಲಿ ಮಿಸ್ಟರ್ ಮೋಟೊ ಎಂಬ ಜಪಾನಿ ಪತ್ತೇದಾರನಾದ. ಬುದ್ಧಿವಂತ, ನ್ಯಾಯದ ಪರ ಇರುವವನು, ಲೋರೆಯ ಪಾತ್ರಗಳಲ್ಲಿ ಸಜ್ಜನರ ಸಾಲಿಗೆ ಸೇರುವ ಅಪರೂಪದ್ದು. ಆದರೆ ಜಪಾನಿಯ ಪಾತ್ರವನ್ನು ಜಪಾನಿ ನಟನಿಗೆ ಕೊಡದೆ ಯುರೋಪಿನವನ ಮುಖಕ್ಕೆ ಬಣ್ಣ ಹಚ್ಚಿ ಒಪ್ಪಿಸುತ್ತಿದ್ದ ಹಾಲಿವುಡ್ಡಿನ ಚಾಳಿಗೆ ಅವನು ತನ್ನ ಮುಖ ಕೊಟ್ಟ. ನೈತಿಕವಾಗಿ ಕಸಿವಿಸಿ ಹುಟ್ಟಿಸುವುದು ಆ ಸಜ್ಜನನೇ. ಮಕ್ಕಳ ಕೊಲೆಗಾರನ ಖಾತೆ ಶುದ್ಧವಾಗಿದೆ.

‘ಎಂ’ ಚಿತ್ರದೊಳಗೇ ಇದಕ್ಕೆ ಇನ್ನೂ ಗಟ್ಟಿ ಆಧಾರ ಸಿಗುತ್ತದೆ. ನೆಲಮಾಳಿಗೆಯಲ್ಲಿ ತೀರ್ಪುಗಾರನಾಗಿ ಕೂತು ಬೆಕರ್ಟ್‌ನನ್ನು ಮುಗಿಸಲೇಬೇಕು ಎನ್ನುವ ಕಳ್ಳರ ನಾಯಕನ ಪಾತ್ರ ಗುಸ್ಟಾಫ್ ಗ್ರುಂಡ್‌ಗೆನ್ಸ್‌ನದು. ಲೋರೆ ದೇಶ ಬಿಟ್ಟು ಓಡಿದ. ಗ್ರುಂಡ್‌ಗೆನ್ಸ್ ಉಳಿದುಕೊಂಡು ನಾಜಿ ನಾಯಕ ಗೋರಿಂಗ್‌ನ ಆಶ್ರಯದಲ್ಲಿ ಬರ್ಲಿನ್ನಿನ ಸರ್ಕಾರಿ ರಂಗಭೂಮಿಯ ಮುಖ್ಯಸ್ಥನಾದ. ಅವನನ್ನು ದೊಡ್ಡ ನಟನೆನಿಸಿದ್ದು ಗಯಟೆಯ ‘ಫೌಸ್ಟ್’ನ ಮೆಫಿಸ್ಟೊ, ಅಂದರೆ ಸಾಕ್ಷಾತ್ ಸೈತಾನನ ಪಾತ್ರ. ಸೈತಾನನಾಗಿ ಆಡಿದ್ದಕ್ಕೆ ಅವನನ್ನು ಯಾರೂ ದೂರಲಿಲ್ಲ. ಅವನ ಹೆಂಡತಿಯಾಗಿದ್ದವಳ ತಮ್ಮ ಕ್ಲಾಸ್ ಮಾನ್ ದೇಶಭ್ರಷ್ಟನಾಗಿ 1936ರಲ್ಲಿ ಬರೆದ ‘ಮೆಫಿಸ್ಟೊ’ ಕಾದಂಬರಿ ಎತ್ತುವ ದೂರು ಬೇರೆ: ಬಣ್ಣ ತೆಗೆದ ಮೇಲೆ ಯಾರ ಜೊತೆ ಕೂತು ಉಂಡೆ? ಗ್ರುಂಡ್‌ಗೆನ್ಸ್ ತನ್ನ ಸ್ಥಾನ ಬಳಸಿ ಕೆಲವರನ್ನು ಉಳಿಸಿದ್ದೂ ಉಂಟು, ಅದನ್ನೂ ಅದೇ ಖಾತೆಗೆ ಜಮಾ ಮಾಡಬೇಕು. ಅವನ ಪುಣ್ಯಪಾಪ ಎರಡೂ ರಂಗದ ಹೊರಗಿನವು.

ಪ್ಲೇಟೊನ ಕಡೆಯವರಿಗೆ ಇನ್ನೊಂದು ಬಾಣ ಉಳಿದಿದೆ: ವೇಷದಲ್ಲಿ ಮಾಡಿದ್ದು ಅಂಟುವುದಿಲ್ಲವೆಂದರೆ ಪ್ರತಿಯೊಬ್ಬ ಮೋಸಗಾರನೂ ‘ನಾನು ಬರೀ ನಟಿಸಿದೆ’ ಎಂದು ತಪ್ಪಿಸಿಕೊಳ್ಳುತ್ತಾನೆ. ಇದಕ್ಕೆ ಲೋರೆ ಸತ್ತು ಹದಿಮೂರು ವರ್ಷವಾದ ಮೇಲಿನ ಒಂದು ಘಟನೆ ಉತ್ತರ ಹೇಳುತ್ತದೆ. 1977ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹೆಣ್ಣುಮಕ್ಕಳನ್ನು ಸಾಲಾಗಿ ಕೊಲ್ಲುತ್ತಿದ್ದ ಇಬ್ಬರು ಪೊಲೀಸರ ಸೋಗು ಹಾಕಿಕೊಂಡು ಲೋರೆಯ ಮಗಳನ್ನು ಬೀದಿಯಲ್ಲಿ ತಡೆದರು. ಅವಳು ಯಾರ ಮಗಳೆಂದು ತಿಳಿದದ್ದೇ ಬಿಟ್ಟು ಹೋದರು. ಅವರು ಯಾರೆಂಬುದು ಅವಳಿಗೆ ಗೊತ್ತಾದದ್ದು ಅವರು ಸಿಕ್ಕಿಬಿದ್ದ ಮೇಲೆ. ಆ ಬೀದಿಯಲ್ಲಿ ವೇಷ ಹಾಕಿದವರು ಅವರು, ಪ್ರೇಕ್ಷಕಿಯೋ ತಾನು ಪ್ರೇಕ್ಷಕಿಯೆಂದೇ ಅರಿಯದವಳು. ಇದು ಆಟ ಎಂಬ ಒಪ್ಪಂದ ಅಲ್ಲಿ ಇರಲಿಲ್ಲ, ತೆರೆ ಏಳುವುದೂ ಬೀಳುವುದೂ ಇರಲಿಲ್ಲ. ಪಾತ್ರಕ್ಕೂ ಸೋಗಿಗೂ ಇರುವ ವ್ಯತ್ಯಾಸ ಇದೇ: ಪಾತ್ರವನ್ನು ನೋಡುವವರು ತಿಳಿದು, ಒಪ್ಪಿ ನೋಡುತ್ತಾರೆ, ಸೋಗು ಆ ತಿಳಿವನ್ನೇ ಕದಿಯುತ್ತದೆ. ಟೆರ್ಟುಲಿಯನ್ ಎರಡನ್ನೂ ಸುಳ್ಳೆಂಬ ಒಂದೇ ಚೀಲಕ್ಕೆ ತುಂಬಿದ್ದೇ ಅವನ ತಪ್ಪು.

ಈ ವಾದವನ್ನು ಒಪ್ಪಿದರೆ ಒಂದು ಬೆಲೆ ತೆರಬೇಕಾಗುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಖಳನ ಪಾಪ ನಟನಿಗೆ ಅಂಟುವುದಿಲ್ಲವಾದರೆ ನಾಯಕನ ಪುಣ್ಯವೂ ಅಂಟಕೂಡದು. ಮೊದಲರ್ಧಕ್ಕೆ ತಲೆದೂಗುವವರು ಎರಡನೆಯ ಅರ್ಧಕ್ಕೆ ಬಂದಾಗ ಸುಮ್ಮನಾಗುತ್ತಾರೆ. ವಜ್ರಮುನಿ, ತೂಗುದೀಪ ಶ್ರೀನಿವಾಸ್ ತೆರೆಯ ಮೇಲೆ ಬಂದರೆ ಹಿಡಿಶಾಪ ಹಾಕುತ್ತಿದ್ದ ನಮ್ಮ ಪ್ರೇಕ್ಷಕರೂ ಮನೆಗೆ ಬಂದ ಮೇಲೆ ‘ಪಾಪ, ಒಳ್ಳೆಯ ಮನುಷ್ಯನಂತೆ’ ಎನ್ನುವಷ್ಟು ವಿವೇಕ ಉಳ್ಳವರೇ. ತೆರೆಯ ಮೇಲೆ ಬಡವರನ್ನು ಕಾಯ್ದವನು, ಕೃಷ್ಣನಾಗಿ ಕೊಳಲೂದಿದವನು ಎದುರು ಬಂದಾಗ ಆ ವಿವೇಕ ಎಲ್ಲಿ ಹೋಗುತ್ತದೋ. ಎಂ.ಜಿ. ರಾಮಚಂದ್ರನ್ 1977ರಲ್ಲಿ ತಮಿಳುನಾಡಿನ, ಎನ್.ಟಿ. ರಾಮರಾವ್ 1983ರಲ್ಲಿ ಆಂಧ್ರದ ಮುಖ್ಯಮಂತ್ರಿಯಾದರು. ಅವರ ಆಡಳಿತ ಹೇಗಿತ್ತು ಎಂಬುದು ಬೇರೆ ಚರ್ಚೆ. ಮತ ಹಾಕಿದ ಕೈಯಲ್ಲಿ ಪಾತ್ರದ ಪುಣ್ಯದ ಲೆಕ್ಕವೂ ಇದ್ದದ್ದು ಸುಳ್ಳಲ್ಲ. ಅದೇ ಎಂ.ಜಿ.ಆರ್. ಎದುರು ಚಿತ್ರ ಚಿತ್ರದಲ್ಲೂ ಕತ್ತಿ ಹಿರಿದು ಸೋಲುತ್ತಿದ್ದ ಖಳನಟ ನಂಬಿಯಾರ್, ದಶಕಗಟ್ಟಲೆ ಮಾಲೆ ಧರಿಸಿ ಶಬರಿಮಲೆಗೆ ಯಾತ್ರಿಗಳನ್ನು ಕರೆದೊಯ್ದ ಗುರುಸ್ವಾಮಿ. ನಾಜಿಗಳು ಸೀಮೆಸುಣ್ಣದಿಂದ ಬರೆದರು, ನಾವು ಕುಂಕುಮದಿಂದ ಬರೆಯುತ್ತೇವೆ. ಕ್ರೌರ್ಯದಲ್ಲಿ ಅಜಗಜಾಂತರ, ಬುದ್ಧಿಯ ಎಡವಟ್ಟು ಮಾತ್ರ ಒಂದೇ ಜಾತಿಯದು.

ಯುದ್ಧ ಮುಗಿದ ಮೇಲೆ ಲೋರೆ ಜರ್ಮನಿಗೆ ಮರಳಿ ಒಂದು ಚಿತ್ರ ಮಾಡಿದ. 1951ರ ‘ಡೆರ್ ಫೆರ್ಲೋರೆನೆ’, ಕಳೆದುಹೋದವನು ಎಂದು ಅರ್ಥ. ಅವನು ನಿರ್ದೇಶಿಸಿದ ಒಂದೇ ಒಂದು ಚಿತ್ರ, ಮುಖ್ಯ ಪಾತ್ರವೂ ಅವನದೇ. ಅದರಲ್ಲಿ ಅವನು ನಾಜಿ ಕಾಲದ ಒಬ್ಬ ವಿಜ್ಞಾನಿ. ಮದುವೆಯಾಗಬೇಕಿದ್ದ ಹುಡುಗಿಯನ್ನು ಕೊಲ್ಲುತ್ತಾನೆ, ಅವನ ಸಂಶೋಧನೆ ಬೇಕಾದ ಸರ್ಕಾರ ಕೊಲೆಯನ್ನು ಮುಚ್ಚಿಹಾಕುತ್ತದೆ. ಇಪ್ಪತ್ತು ವರ್ಷ ಹಿಂದೆ ಒಬ್ಬ ಕೊಲೆಗಾರನನ್ನು ತೋರಿಸಿದ್ದ ನಟ ಈ ಸಲ ಕೊಲೆಗಾರನನ್ನು ಸಾಕಿದ ಸಮಾಜವನ್ನು ತೋರಿಸಿದ. ತೋರಿಸುವುದೇ ನಟನ ಕರ್ಮವಾದರೆ, ಅವನ ಬಾಳಿನಲ್ಲಿ ಇದಕ್ಕಿಂತ ಒಳ್ಳೆಯ ಕರ್ಮ ಇನ್ನೊಂದಿಲ್ಲ ಎಂದೇ ನನ್ನ ಎಣಿಕೆ. ಜರ್ಮನ್ ಪ್ರೇಕ್ಷಕರು ಅದನ್ನು ನೋಡಲು ಬರಲಿಲ್ಲ. ಲೋರೆ ಅಮೆರಿಕಕ್ಕೆ ವಾಪಸಾಗಿ, ಮೈ ದಪ್ಪವಾಗಿ, ಅಗ್ಗದ ಭಯದ ಚಿತ್ರಗಳಲ್ಲಿ ತನ್ನದೇ ಅಣಕ ಮಾಡುತ್ತ, 1964ರ ಮಾರ್ಚ್ 23ರಂದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡ.

‘ಎಂ’ ಚಿತ್ರದಲ್ಲಿ ಬೆಕರ್ಟ್‌ನನ್ನು ಗುರುತಿಸುವವನು ಬಲೂನು ಮಾರುವ ಒಬ್ಬ ಕುರುಡ. ಅವನಿಗೆ ಆಧಾರ ಒಂದು ಶಿಳ್ಳೆ, ನಾರ್ವೆಯ ಗ್ರೀಗ್‌ನ ಒಂದು ರಾಗ. ಮಗುವೊಂದು ಕೊಲೆಯಾದ ದಿನ ಅದಕ್ಕೆ ಬಲೂನು ಕೊಂಡುಕೊಟ್ಟವನು ಅದೇ ರಾಗವನ್ನು ಶಿಳ್ಳೆ ಹಾಕುತ್ತಿದ್ದ. ಹೆಗಲಿಗೆ ಸೀಮೆಸುಣ್ಣ ಬಿದ್ದದ್ದೂ, ನೆಲಮಾಳಿಗೆಗೆ ಎಳೆದದ್ದೂ ಆ ಶಿಳ್ಳೆಯ ಮೇಲೆಯೇ. ಪೀಟರ್ ಲೋರೆಗೆ ಶಿಳ್ಳೆ ಹಾಕಲು ಬರುತ್ತಿರಲಿಲ್ಲ. ಚಿತ್ರದಲ್ಲಿ ಕೇಳುವುದು ಕ್ಯಾಮೆರಾದ ಈಚೆ ನಿಂತಿದ್ದ ಫ್ರಿಟ್ಸ್ ಲಾಂಗ್‌ನ ಶಿಳ್ಳೆ.